ನಾನೂರು ಕಾಳಿನ ಸಾಕ್ಷ್ಯ

ಬಿತ್ತನೆ ಭತ್ತದ ರಾಶಿಯಲ್ಲಿ ನೂರಕ್ಕೆ ಎಷ್ಟು ಕಾಳು ಮೊಳೆಯುತ್ತವೆ ಎಂದು ತಿಳಿಯಲು ಇಡೀ ರಾಶಿಯನ್ನು ನೆನೆಹಾಕುವಂತಿಲ್ಲ. ಹಾಗೆ ಮಾಡಿದರೆ ಬಿತ್ತಲು ಏನೂ ಉಳಿಯದು. ಅದಕ್ಕಾಗಿ ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ 400 ಕಾಳು ಎಣಿಸಿ, ನೂರು ನೂರರಂತೆ ನಾಲ್ಕು ಪಾಲು ಮಾಡಿ, ಒದ್ದೆ ಕಾಗದದಲ್ಲಿ ಸಾಲಾಗಿ ಇಟ್ಟು ಸುರುಳಿ ಸುತ್ತಿಡುತ್ತಾರೆ. ಹದಿನಾಲ್ಕನೆಯ ದಿನ ಸುರುಳಿ ಬಿಚ್ಚಿ, ಬೇರು ಚಿಗುರು ಎರಡೂ ನೆಟ್ಟಗೆ ಬಂದ ಸಸಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಭಾರತದಲ್ಲಿ ಪ್ರಮಾಣಿತ ಭತ್ತದ ಬೀಜಕ್ಕೆ ಕನಿಷ್ಠ ಶೇಕಡಾ 80 ಮೊಳಕೆ ಇರಬೇಕು.

400ರಲ್ಲಿ 328 ಕಾಳು ಮೊಳೆತವು ಎನ್ನೋಣ. ಮಾದರಿಯ ಅನುಪಾತ ಶೇಕಡಾ 82. ಅದೇ ರಾಶಿಯಿಂದ ಬೇರೆ 400 ಕಾಳು ತೆಗೆದಿದ್ದರೆ 80 ಬರಬಹುದಿತ್ತು, 84 ಕೂಡ ಬರಬಹುದಿತ್ತು. ಈ ಏರುಪೇರಿನ ಅಳತೆಯೇ ಮಾನಕ ದೋಷ. ಮೊಳೆತ ಪಾಲು 0.82ನ್ನು ಮೊಳೆಯದ ಪಾಲು 0.18ರಿಂದ ಗುಣಿಸಿ, 400ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸಿಗುವುದು ಸುಮಾರು 0.0192. ಅದನ್ನು 1.96ರಿಂದ ಗುಣಿಸಿದರೆ ಶೇಕಡಾ 3.8. 82ರ ಎರಡೂ ಕಡೆ ಅಷ್ಟು ಜಾಗ ಬಿಟ್ಟಾಗ ದೊರೆಯುವ 78.2ರಿಂದ 85.8ರ ವ್ಯಾಪ್ತಿಗೆ ಶೇಕಡಾ 95ರ ವಿಶ್ವಾಸಾಂತರ ಎಂದು ಹೆಸರು. ನೂರೇ ಕಾಳು ಪರೀಕ್ಷಿಸಿ 82 ಮೊಳೆತಿದ್ದರೆ ಆ ಜಾಗ ಇಮ್ಮಡಿಯಾಗಿ, ವ್ಯಾಪ್ತಿ 74.5ರಿಂದ 89.5ಕ್ಕೆ ಹಿಗ್ಗುತ್ತಿತ್ತು. ಅಂದಾಜು ಎರಡು ಪಟ್ಟು ನಿಖರವಾಗಬೇಕಾದರೆ ಕಾಳು ನಾಲ್ಕು ಪಟ್ಟು ಬೇಕು.

ಇಲ್ಲಿನ 95 ಎಂಬುದು ವಿಧಾನದ ಗುಣ. ಹೀಗೆಯೇ ಮತ್ತೆ ಮತ್ತೆ ಮಾದರಿ ತೆಗೆದು ವ್ಯಾಪ್ತಿ ಕಟ್ಟುತ್ತ ಹೋದರೆ, ನೂರರಲ್ಲಿ ಸುಮಾರು 95 ಸಲ ರಾಶಿಯ ನಿಜವಾದ ಅನುಪಾತ ಅದರೊಳಗೆ ಬೀಳುತ್ತದೆ. ಈ ಅರ್ಥವನ್ನು ಖಚಿತಗೊಳಿಸಿ ಸಿದ್ಧಾಂತ ಕಟ್ಟಿದವರು ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್, 1937ರಲ್ಲಿ.

ಪ್ರಾಕ್ಕಲ್ಪನೆಯ ಪರೀಕ್ಷೆ ಕೇಳುವ ಪ್ರಶ್ನೆ ಬೇರೆ: ರಾಶಿಯ ಮೊಳಕೆ 80ನ್ನು ನಿಜಕ್ಕೂ ಮೀರಿದೆಯೇ? ಮೊದಲು, ಮೀರಿಲ್ಲ, ಸರಿಯಾಗಿ 80 ಇದೆ ಎಂದೇ ಇಟ್ಟುಕೊಳ್ಳಬೇಕು. ಆಗ ಮಾನಕ ದೋಷ ಶೇಕಡಾ 2. 82 ಇರುವುದು ಒಂದೇ ಮಾನಕ ದೋಷದಷ್ಟು ಮೇಲೆ. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬರೀ ಆಕಸ್ಮಿಕವಾಗಿ ಬರುವ ಸಂಭವ ಸುಮಾರು ಆರರಲ್ಲಿ ಒಂದು. 80ನ್ನು ಮೀರಿದೆ ಎನ್ನಲು ಈ ಸಾಕ್ಷ್ಯ ಸಾಲದು. 336 ಕಾಳು ಮೊಳೆತಿದ್ದರೆ ಆ ಸಂಭವ ನೂರಕ್ಕೆ ಎರಡು ಮೂರಕ್ಕೆ ಇಳಿಯುತ್ತದೆ. ವಾಡಿಕೆಯ ಶೇಕಡಾ 5ರ ಗಡಿಗಿಂತ ಅದು ಕಡಿಮೆಯಾದ್ದರಿಂದ ಮೊದಲಿನ ಕಲ್ಪನೆಯನ್ನು ಕೈಬಿಡಬಹುದು. ಸಾಕ್ಷ್ಯ ಸಾಲದು ಎಂದ ಮಾತ್ರಕ್ಕೆ ಮೊಳಕೆ 80ನ್ನು ಮೀರಿಲ್ಲ ಎಂದು ಸಾಬೀತಾಗುವುದಿಲ್ಲ. ಅದು ತೀರ್ಮಾನಕ್ಕೆ ಇನ್ನಷ್ಟು ಕಾಳು ಬೇಕೆಂಬ ಸೂಚನೆ.

ವಿಶ್ವಾಸಾಂತರಕ್ಕೆ 82ನ್ನು ಹಿಡಿದು, ಪರೀಕ್ಷೆಗೆ 80ನ್ನು ಹಿಡಿದು ಮಾನಕ ದೋಷ ಲೆಕ್ಕ ಹಾಕಿದ್ದು ಗಮನಾರ್ಹ. ಪರೀಕ್ಷೆಯಲ್ಲಿ ಕಲ್ಪನೆಯ ಬೆಲೆಯನ್ನೇ ಬಳಸುವ ಈ ಕ್ರಮ, 1948ರಲ್ಲಿ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಮಂಡಿಸಿದ ಸ್ಕೋರ್ ಪರೀಕ್ಷೆಯ ಅತಿ ಸರಳ ರೂಪ.

ಈ ಲೆಕ್ಕಗಳು ಆಕಸ್ಮಿಕದ ಏರುಪೇರನ್ನು ಅಳೆಯುತ್ತವೆ. ಮಾದರಿ ತೆಗೆದ ರೀತಿಯಲ್ಲಿನ ತಪ್ಪನ್ನು ತಿದ್ದಲಾರವು. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಪತ್ರಿಕೆ ಜನಾಭಿಪ್ರಾಯ ಅರಿಯಲು ಅಂಚೆಯಲ್ಲಿ ಕಳಿಸಿದ್ದ ಮತಪತ್ರಗಳಲ್ಲಿ 23 ಲಕ್ಷಕ್ಕೂ ಹೆಚ್ಚು ಮರಳಿ ಬಂದವು. ಸೂತ್ರದ ಪ್ರಕಾರ ದೋಷ ಶೇಕಡಾ 0.1ರಷ್ಟೂ ಇರಬಾರದಿತ್ತು. ಆದರೆ ವಿಳಾಸಗಳನ್ನು ಬಹುಪಾಲು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಆಯ್ದಿದ್ದರು, ಉತ್ತರಿಸಿದವರೂ ಅವರಲ್ಲಿ ಒಂದು ಪಾಲು ಮಾತ್ರ. ಅಭ್ಯರ್ಥಿಗಳಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಹೇಳಿತು; ಎದುರಾಳಿ ರೂಸ್‌ವೆಲ್ಟ್ ಸುಮಾರು ಶೇಕಡಾ 61 ಮತ ಪಡೆದು ಗೆದ್ದರು. ಬೀಜದ ಮಾದರಿಯನ್ನು ಚೀಲದ ಬಾಯಿಂದಷ್ಟೇ ಮೊಗೆಯದೆ ಮೇಲೆ, ನಡುವೆ, ತಳದಲ್ಲಿ ಚುಚ್ಚಿ ತೆಗೆಯುವುದು ಇದೇ ಕಾರಣಕ್ಕೆ.