ಗುಂಡಿನ ಸದ್ದಿಗೆ ಕಿವಿ ಜೋಪಾನ

ಮಗಳು ಎನ್‌ಸಿಸಿ ಕ್ಯಾಂಪ್ ಮುಗಿಸಿ ಮನೆಗೆ ಬಂದಿದ್ದಾಳೆ. ಬ್ಯಾಗು ಇಳಿಸುವ ಮೊದಲೇ ಫೈರಿಂಗ್ ಸುದ್ದಿ ಶುರು. ಆದರೆ ನೀವು ಅಡುಗೆಮನೆಯಿಂದ ಕೂಗಿದ್ದು ಮಾತ್ರ ಅವಳಿಗೆ ಕೇಳಿಸುತ್ತಿಲ್ಲವೇ? ಕಲಘಟಗಿಯ ನನ್ನ ನಾದಿನಿ ಮನೆಯಲ್ಲಿ ಹೀಗೇ ಆಯಿತು. "ಅವ್ವಾ, ಕಿವ್ಯಾಗ ಗುಂಯ್ ಅನ್ನಾಕತ್ತೈತಿ" ಅಂದಳು ಹುಡುಗಿ. "ಹತ್ತಿ ಇಟಗೊಂಡಿದ್ದಿಲ್ಲೇನ?" ಎಂದು ಅವ್ವ. ಇಟ್ಟುಕೊಂಡಿದ್ದಳು. ಎಡವಟ್ಟಾದದ್ದೇ ಅಲ್ಲಿ.

ಹತ್ತಿ ತಂಗಾಳಿಗೆ ಸರಿ, ಗುಂಡಿನ ಸದ್ದಿಗಲ್ಲ. ನಮ್ಮ ಮಿಕ್ಸಿಯ ಗದ್ದಲ 85-90 ಡೆಸಿಬಲ್. ಎನ್‌ಸಿಸಿ ಮಕ್ಕಳು ಹಿಡಿಯುವ .22 ರೈಫಲ್ಲಿನದು ಸುಮಾರು 140. ತೋಟದ ಕೋವಿಯದು 150 ದಾಟುತ್ತದೆ. 140 ದಾಟಿದ ಸದ್ದು ಒಂದೇ ಏಟಿಗೆ ಒಳಗಿವಿಯ ಸೂಕ್ಷ್ಮ ಕೂದಲಿನಂಥ ಜೀವಕೋಶಗಳನ್ನು ಕೆಡಿಸಬಲ್ಲದು. ಅವು ಮತ್ತೆ ಹುಟ್ಟುವುದಿಲ್ಲ ಕಣ್ರೀ. ಬಲಗೈಯಲ್ಲಿ ಹೊಡೆಯುವವರ ಎಡಗಿವಿಗೇ ಪೆಟ್ಟು ಹೆಚ್ಚು. ನಳಿಗೆಯ ಬಾಯಿಗೆ ಹತ್ತಿರ ಇರುವುದು ಅದೇ.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಟಿ.ಎಸ್. ದಿವ್ಯಾ ಏರ್ ಪಿಸ್ತೂಲಿನಲ್ಲಿ ಎರಡು ಬೆಳ್ಳಿ ತಂದರು, 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರು. ಇದನ್ನೆಲ್ಲ ನೋಡಿ ಮಗಳು ಶೂಟಿಂಗ್ ಕಲಿಯುತ್ತೇನೆ ಅಂದರೆ ಬೇಡ ಅನ್ನಬೇಡಿ. ಏರ್ ಗನ್ ಸದ್ದು ಕಡಿಮೆಯೇ. ಆದರೆ ನಾಲ್ಕು ಗೋಡೆಯೊಳಗೆ, ಸಾಲಾಗಿ ನಿಂತವರ ನಡುವೆ ದಿನವೂ ಕೇಳಬೇಕಲ್ಲ?

ಹಾಗಾದರೆ ಏನು ಕೊಳ್ಳಬೇಕು? ಮೊದಲನೆಯದು ಫೋಮ್ ಇಯರ್‌ಪ್ಲಗ್. ಅಗ್ಗ, ಚೆನ್ನಾಗಿ ತಡೆಯುತ್ತದೆ, ಆದರೆ ಹಾಕುವ ಕ್ರಮ ಗೊತ್ತಿರಬೇಕು. ತೊಳೆದ ಕೈಯಲ್ಲಿ ಬತ್ತಿ ಹೊಸೆದಂತೆ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ತೂರಿಸಿ. ಉಬ್ಬುವವರೆಗೆ, ಅಂದರೆ 20-30 ಸೆಕೆಂಡು, ಒತ್ತಿ ಹಿಡಿಯಿರಿ. ಅರ್ಧ ಹೊರಗೆ ಇಣುಕುತ್ತಿದ್ದರೆ ಹಾಕಿಲ್ಲದಂತೆಯೇ ಲೆಕ್ಕ. ಎರಡನೆಯದು ಹೆಡ್‌ಫೋನಿನಂತೆ ಕಿವಿ ಮುಚ್ಚುವ ಇಯರ್‌ಮಫ್. ಸಣ್ಣ ಮಕ್ಕಳಿಗೆ ಇದೇ ವಾಸಿ. ಕನ್ನಡಕದ ಕಡ್ಡಿ, ದಪ್ಪ ಜಡೆ, ದುಪಟ್ಟಾ ಅಡಿಗೆ ಸಿಕ್ಕರೆ ಸಂದಿಯಿಂದ ಸದ್ದು ನುಗ್ಗುತ್ತದೆ. ರೈಫಲ್ ಹಿಡಿಯುವವರಿಗೆ ತೆಳು ಮಫ್ ಬೇಕು, ದಪ್ಪದ್ದು ಹಿಡಿಗೆ ತಾಗಿ ಸರಿಯುತ್ತದೆ. ಮಾತು ಕೇಳಿಸಿ ಗುಂಡಿನ ಸದ್ದು ಮಾತ್ರ ತಡೆಯುವ ಎಲೆಕ್ಟ್ರಾನಿಕ್ ಮಫ್‌ಗಳೂ ಇವೆ, ದುಬಾರಿ. ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಲ್ಲಿ ಸ್ಪರ್ಧಿಗಳು ಅದನ್ನು ಹಾಕುವಂತಿಲ್ಲ. ಕೋಚ್ ಬಳಿ ಕೇಳಿಯೇ ದುಡ್ಡು ಬಿಚ್ಚಿ.

ಡಬ್ಬಿಯ ಮೇಲೆ ಎನ್‌ಆರ್‌ಆರ್ ಎಂಬ ಅಂಕಿ ಇರುತ್ತದೆ. 29 ಎಂದಿದ್ದರೆ ಅಷ್ಟೂ ಸಿಗುತ್ತದೆಂದು ನಂಬಬೇಡಿ. 7 ಕಳೆದು ಉಳಿದದ್ದನ್ನು ಅರ್ಧ ಮಾಡಿ, 11 ಬಂತು. ಅಮೆರಿಕದಲ್ಲಿ ಕಾರ್ಖಾನೆ ಸದ್ದಿಗೆ ಹಾಕುವ ಲೆಕ್ಕ ಇದು, ನಮಗೂ ಅಂದಾಜಿಗೆ ಸಾಕು. ಪ್ಲಗ್ ಮೇಲೆ ಮಫ್ ಹಾಕಿದರೆ ಎರಡೂ ಅಂಕಿ ಕೂಡುವುದಿಲ್ಲ, ಇನ್ನೊಂದು 5 ಡೆಸಿಬಲ್ ಸಿಕ್ಕೀತು. ಆದರೂ ಕೋವಿಗೆ, ಒಳಾಂಗಣ ರೇಂಜಿಗೆ ಎರಡನ್ನೂ ಹಾಕುವುದೇ ಲೇಸು. ಹಾಡು ಕೇಳುವ ಇಯರ್‌ಫೋನ್ ಇದಕ್ಕೆ ನಡೆಯುವುದಿಲ್ಲ!

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ, ಹೆಣ್ಣುಮಕ್ಕಳೂ ಗುರಿ ಇಡುತ್ತಾರೆ. ನೋಡಲು ಹೋದವರ ಕಿವಿಯೂ ಕಿವಿಯೇ, ಒಂದು ಜೊತೆ ಪ್ಲಗ್ ಪರ್ಸಿನಲ್ಲಿರಲಿ. ಗರ್ಭಿಣಿಯರು ದೂರ ಉಳಿಯಿರಿ. ತಾಯಿಯ ಕಿವಿಗೆ ಮಫ್ ಹಾಕಬಹುದು, ಹೊಟ್ಟೆಯೊಳಗಿನ ಕೂಸಿನ ಕಿವಿಗೆ ಹಾಕಲಾದೀತೇ?

ನಾದಿನಿ "ನಾಳೆ ಕಮ್ಮಿ ಆಗ್ತೈತಿ ತಗೋ" ಎಂದು ಕೊಬ್ಬರಿ ಎಣ್ಣೆ ಬಿಡಲು ಹೊರಟಿದ್ದಳು. ನಾನೇ ಫೋನಿನಲ್ಲಿ ಬೈದು ಮರುದಿನ ಹುಬ್ಬಳ್ಳಿಗೆ ಕರೆಸಿದೆ. ಗುಂಯ್‌ಗುಟ್ಟುವಿಕೆ ಒಂದು ದಿನ ಕಳೆದರೂ ನಿಲ್ಲದಿದ್ದರೆ, ಕಿವಿ ಮಂದವೆನಿಸಿದರೆ ಎಣ್ಣೆ ಬಿಡದೆ ಇಎನ್‌ಟಿ ವೈದ್ಯರ ಬಳಿ ಹೋಗಿ, ಆಡಿಯೋಗ್ರಾಮ್ ಮಾಡಿಸಿ. ಸದ್ದಿನ ಪೆಟ್ಟು ಹೆಚ್ಚಾಗಿ ಮೊದಲು ಕಾಣುವುದು 4000 ಹರ್ಟ್ಸ್ ಹತ್ತಿರ. ಮಾತು ಕೇಳಿಸುತ್ತದೆ, 'ಸ', 'ಶ' ಅಕ್ಷರ ಮಾತ್ರ ತಪ್ಪುತ್ತವೆ, ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹುಡುಗಿಯದು ಮೂರನೇ ದಿನಕ್ಕೆ ನಿಂತಿತು. ಮುಂದಿನ ಕ್ಯಾಂಪಿನ ಬ್ಯಾಗಿಗೆ ಅವ್ವನೇ ಎರಡು ಜೊತೆ ಪ್ಲಗ್ ಹಾಕಿದ್ದಾಳೆ, ಒಂದು ಪಕ್ಕದಲ್ಲಿ ಮಲಗಿ ಗುರಿ ಇಡುವ ಗೆಳತಿಗೆ.