ಬಂಡೆ ಬಿಟ್ಟು ಗೋಡೆ ಏರಿದ ಆಟ

ಮಕ್ಕಳೇ, ‘ಶೋಲೆ’ ಸಿನಿಮಾದ ಗಬ್ಬರ್ ಸಿಂಗ್ ಅಡಗಿದ್ದ ಬಂಡೆಗಳು ಯಾವ ಊರಿನವು? ಅಜ್ಜಿ, ತಾತನನ್ನು ಕೇಳಿ. ‘ನಮ್ಮ ರಾಮನಗರದ್ದು’ ಎನ್ನುತ್ತಾರೆ. ಈ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು! ಇಲ್ಲಿಗೂ ಮಾಗಡಿಯ ಸಾವನದುರ್ಗಕ್ಕೂ ಹಗ್ಗ ಕಟ್ಟಿಕೊಂಡು ಬಂಡೆ ಏರುವವರು ಬರುತ್ತಾರೆ.

ಮೊದಲು ಇದು ಬರೀ ಸಾಹಸ; ಸೋಲು ಗೆಲುವಿನ ಲೆಕ್ಕವಿರಲಿಲ್ಲ. 1985ರಲ್ಲಿ ಇಟಲಿಯ ಬಾರ್ಡೊನೆಕಿಯಾದಲ್ಲಿ ನಿಜವಾದ ಬಂಡೆಯ ಮೇಲೆ ದೊಡ್ಡ ಸ್ಪರ್ಧೆ ನಡೆಯಿತು. ಆದರೆ ಜನ ಕಿಕ್ಕಿರಿದರೆ ಬೆಟ್ಟಕ್ಕೇ ಪೆಟ್ಟು. ಆದ್ದರಿಂದ ಕೆಲವೇ ವರ್ಷಗಳಲ್ಲಿ ಸ್ಪರ್ಧೆಗಳು ಕೃತಕ ಗೋಡೆಗೆ ಬಂದವು. ಹಿಮದ ಮೇಲೆ ಲಾಗ ಹಾಕುವ ಫ್ರೀಸ್ಟೈಲ್ ಸ್ಕೀಯಿಂಗ್ 1992ರಲ್ಲಿ ಒಲಿಂಪಿಕ್ಸ್ ಪದಕದ ಆಟವಾಯಿತು. ಗೋಡೆ ಏರುವ ಆಟಕ್ಕೆ ಆ ಭಾಗ್ಯ ಬಂದದ್ದು 2021ರಲ್ಲಿ, ಟೋಕಿಯೊದಲ್ಲಿ. ವೇಗದ ಸ್ಪರ್ಧೆಯ ಗೋಡೆ 15 ಮೀಟರ್ ಎತ್ತರ. ನಿಪುಣರು ಅದನ್ನು 5 ಸೆಕೆಂಡಿನೊಳಗೆ ಏರುತ್ತಾರೆ!

ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡ ಬೆಂಗಳೂರಿನ ಮಣಿಕಂದನ್ ಕುಮಾರ್ 2012ರಲ್ಲಿ ಪ್ಯಾರಿಸ್‌ನ ಅಂಗವಿಕಲರ ವಿಶ್ವ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು.

ಅದೇ 2012ರಲ್ಲಿ ನಮ್ಮ ರಾಮದೇವರ ಬೆಟ್ಟ ರಣಹದ್ದುಗಳ ವನ್ಯಧಾಮವಾಯಿತು. ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಯಲ್ಲಿ ಗೂಡು ಕಟ್ಟಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಮನುಷ್ಯರಿಗೆ ಬೆದರಿ ತಾಯಿ ಹಕ್ಕಿ ಗೂಡು ಬಿಟ್ಟರೆ ಆ ವರ್ಷ ಮರಿಯೇ ಇಲ್ಲ.

ಏರುವ ಆಸೆಯಿದ್ದವರು ತರಬೇತುದಾರರ ಜೊತೆ, ಹೆಲ್ಮೆಟ್ ಹಾಕಿ, ಗೋಡೆಯಲ್ಲೇ ಕಲಿಯಿರಿ. ಗೋಡೆಯನ್ನು ಎಲ್ಲಿ ಬೇಕಾದರೂ ಕಟ್ಟಬಹುದು, ಬೆಟ್ಟವನ್ನು ಕಟ್ಟಲಾಗದು.