ಬೆಳೆ ಕಾಯುವ ಬಂದೂಕಿಗೆ ತಕ್ಕ ತೋಟಾ

ತೊಗರಿ ಕಾಯಿಕಟ್ಟಿತೆಂದರೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ರೈತರು 'ಹಂದಿಗೆ ಯಾವ ಬಂದೂಕು ತರೋಣ ಸಾಹೇಬರೆ?' ಎನ್ನುತ್ತಾರೆ. ರೈಫಲ್ಲಿನ ಮಾತು ಬೇಡ; ಅದರ ಗುಂಡು ಬಯಲು ಹೊಲದಲ್ಲಿ ಮೈಲಿಗೂ ಮೀರಿ ಹೋದೀತು. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು.

12 ಬೋರ್ ಇರುವವರು ನಳಿಗೆಯ ಮೇಲಿನ ಅಂಕಿ ಓದಿಯೇ ತೋಟಾ ಕೊಳ್ಳಬೇಕು. 65 ಮಿ.ಮೀ. ಕೋಣೆಗೆ 70ರದು ಒಳಹೋಗುತ್ತದೆ, ಆದರೆ ಹಾರಿಸಿದಾಗ ಒತ್ತಡ ಮಿತಿಮೀರುತ್ತದೆ. 20 ಬೋರಿನ ತೋಟಾವಂತೂ ಅದೇ ಜೇಬಿನಲ್ಲಿ ಇರಲೇಬಾರದು. ಕತ್ತಲಲ್ಲಿ ತುಂಬಿದರೆ ಅದು 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದು ಹಿಂದೆ ಇನ್ನೊಂದು ಹಾಕಿ ಹಾರಿಸಿದರೆ ನಳಿಗೆ ಸಿಡಿದು ಎಡಗೈ ಹೋದೀತು.

ಲೈಸೆನ್ಸ್ ಇದ್ದರೂ ಹಂದಿ ಹೊಡೆಯಲು ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಬೇಕು. ಕೃಷ್ಣಮೃಗ ಮೊದಲ ಅನುಸೂಚಿಯದು. ಬೆಳೆ ಮೇಯಿತೆಂದು ಅದಕ್ಕೆ ಗುಂಡು ಹಾಕುವಂತಿಲ್ಲ.